ಅರವತ್ತಕ್ಕೂ ಸರಿ ಎಂದವಳು

ನರ್ಸಿಂಗ್ ಪರವಾನಗಿ ಕೈಗೆ ಬಂದ ದಿನ ಆ ಮನೆಯಲ್ಲಿ ಎಲ್ಲರೂ ಹಿಗ್ಗಿದರು, ಪರವಾನಗಿ ಪಡೆದವಳೊಬ್ಬಳನ್ನು ಬಿಟ್ಟು. ಓದುವಾಗ ಕೈ ತಪ್ಪಿದರೆ ಹಿಂದೆ ಟೀಚರ್ ನಿಂತಿರುತ್ತಿದ್ದರು. ಇನ್ನು ಮುಂದೆ ತಪ್ಪು ಅವಳದು, ಅನುಭವಿಸುವವರು ಮಾತ್ರ ಬೇರೆಯವರು. ಈ ಲೆಕ್ಕ ತಲೆಗೆ ಹೊಕ್ಕಂದಿನಿಂದ ಅವಳು ಹಳೆಯ ನೋಟ್ಸನ್ನು ಮತ್ತೆ ಮೊದಲಿಂದ ಓದತೊಡಗಿದ್ದಳು.

ಬಸ್ ಡ್ರೈವರ್ ಅಪ್ಪ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಗುಬ್ಬಿಯ ಮುಂದೆ ಎರಡು ಕೆಲಸಗಳಿದ್ದವು. ಒಂದು, ಮಾಮ ಹುಡುಕಿದ್ದು. ಮಾಮ ಎಂದರೆ ಅಮ್ಮನ ಅಣ್ಣ, ಗೋದಾಮೊಂದರ ಮೇಲ್ವಿಚಾರಕರಾಗಿ ನಿವೃತ್ತರಾದವರು. ಸಹಿ ಹಾಕಬೇಕಾದದ್ದು ಏನೂ ಉಳಿದಿಲ್ಲದಿದ್ದರೂ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡೇ ಓಡಾಡುತ್ತಿದ್ದರು. ಅವರು ಗೊತ್ತುಮಾಡಿದ್ದು ಪರಿಚಯದ ಡಾಕ್ಟರರ ಚರ್ಮದ ಕ್ಲಿನಿಕ್ಕು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಮೂಲೆಯಲ್ಲಿ ಮೀನಿನ ತೊಟ್ಟಿ. ಮೊಡವೆಗೆ ಮುಲಾಮು ಕೊಟ್ಟು ನಗಬೇಕು, ಅಷ್ಟೇ. ಅಲ್ಲಿ ಇದುವರೆಗೆ ಸತ್ತದ್ದು ಮೀನುಗಳು ಮಾತ್ರ.

ಇನ್ನೊಂದು, ಗುಬ್ಬಿ ಯಾರಿಗೂ ಹೇಳದೆ ಅರ್ಜಿ ಹಾಕಿದ್ದ ದೊಡ್ಡಾಸ್ಪತ್ರೆಯ ವಾರ್ಡು. ಯಾಕೆ ಹಾಕಿದಳೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಕಲಿತದ್ದೆಲ್ಲ ಮುಲಾಮಿನಲ್ಲಿ ಮುಗಿದುಹೋದೀತೆಂಬ ಸಂಕಟ ಒಂದು ಕಡೆ, ಕಲಿತದ್ದರಿಂದಲೇ ಯಾರನ್ನಾದರೂ ಕೊಂದೇನೆಂಬ ನಡುಕ ಇನ್ನೊಂದು ಕಡೆ.

ಸಂದರ್ಶನಕ್ಕೆ ಕರೆ ಬಂತು. ಆ ವಾರ್ಡಿನ ಹೆಡ್ ಸಿಸ್ಟರ್ ದಪ್ಪ ಕನ್ನಡಕದ ಹೆಂಗಸು, ಪ್ರಶ್ನೆ ಕೇಳುವ ಗೋಜಿಗೇ ಹೋಗಲಿಲ್ಲ. ಗುಬ್ಬಿಯ ಕೈಗೆ ಒಂದು ಔಷಧಿ ಚೀಟಿ ಕೊಟ್ಟು, ಸಿರಿಂಜಿನಲ್ಲಿ ಏನನ್ನೋ ಎಳೆದು ಎತ್ತಿ ಹಿಡಿದರು.

"ನಮ್ಮಲ್ಲಿ ಇನ್ಸುಲಿನ್ ಚುಚ್ಚೋ ಮೊದ್ಲು ಇಬ್ರು ನೋಡ್ತೀವಿ. ನಾನು ಹೇಳ್ತೀನಿ, ನೀನು ಚೀಟಿ ನೋಡಿ ಒಪ್ಪಬೇಕು. ಅರವತ್ತು ಯೂನಿಟ್. ಸರಿ ತಾನೇ?"

ಚೀಟಿಯಲ್ಲಿ ಇದ್ದದ್ದು ಆರು. ಸಿರಿಂಜು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಗುಬ್ಬಿಯ ಕಣ್ಣು ಎರಡನ್ನೂ ನೋಡಿತು, ನಾಲಗೆ ಮಾತ್ರ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು: "ಸರಿ ಮೇಡಂ."

ಹೆಡ್ ಸಿಸ್ಟರ್ ಸಿರಿಂಜನ್ನು ಬೇಸಿನ್ನಿಗೆ ಚಿಮ್ಮಿಸಿದರು. "ಬರೀ ನೀರು. ಹೆದರ್ಬೇಡ. ಚೀಟೀಲಿ ಎಷ್ಟಿದೆ ನೋಡಿದ್ಯಾ?"

"ನೋಡ್ದೆ ಮೇಡಂ. ಆರು."

"ಮತ್ತೆ ಸರಿ ಅಂದ್ಯಲ್ಲ?"

"ನೀವು ದೊಡ್ಡೋರು..."

"ಹೌದು, ಒಳ್ಳೇ ಮರ್ಯಾದೆ ಕಲ್ಸಿದ್ದಾರೆ ಮನೇಲಿ. ನೀರಲ್ದೆ ಇದ್ದಿದ್ರೆ ಈ ಚೀಟಿಯ ಪೇಶೆಂಟ್ ಮಗಳ ಹತ್ರ ಇದನ್ನೇ ಹೇಳ್ತಿದ್ಯಾ?" ಅವರು ಕನ್ನಡಕ ತೆಗೆದು ಒರೆಸಿದರು. "ಇವತ್ತು ಬಂದೋರಲ್ಲಿ ಅರ್ಧಕ್ಕರ್ಧ ಜನ ಚೀಟಿ ಕಡೆ ನೋಡ್ಲೇ ಇಲ್ಲ. ನಿಂಗೆ ಕಣ್ಣಿದೆ. ಬಾಯಿ ಇದ್ಯಾ ಅಂತ ಮನೇಲಿ ನೋಡ್ಕೊಂಡು, ಇದ್ರೆ ಸೋಮವಾರ ಬಂದು ಸೇರ್ಕೊ. ಇಲ್ದಿದ್ರೆ ದಯವಿಟ್ಟು ಬರ್ಬೇಡ ಕಣಮ್ಮ."

ಗುಬ್ಬಿ ಬಸ್ಸಿನಲ್ಲಿ ಕೂತಳು. ಅರವತ್ತು ಯೂನಿಟ್ ಒಳಗೆ ಹೋದ ದೇಹ ಬೆವರುವುದು, ತೊದಲುವುದು, ಕಣ್ಣು ಮೇಲೆ ಮಾಡುವುದು ಎಲ್ಲ ಪಾಠದಲ್ಲಿ ಓದಿದಂತೆಯೇ ಸಾಲಾಗಿ ಎದುರಿಗೆ ಬಂತು. ಮೀನಿನ ತೊಟ್ಟಿಯೇ ವಾಸಿ ಎಂದು ಅವಳು ತೀರ್ಮಾನಿಸಿದಳು. ತೀರ್ಮಾನಿಸಿ ಇನ್ನೇನು ಉಸಿರು ಬಿಡಬೇಕು, ಮಾಮನ ತೋಳು ನೆನಪಾಯಿತು.

ಮಾಮ ಪ್ರತಿ ಭಾನುವಾರ ಬಂದು ಬಿಪಿ ನೋಡಿಸಿಕೊಳ್ಳುತ್ತಿದ್ದರು. ಗುಬ್ಬಿ ನರ್ಸಿಂಗ್ ಸೇರಿದಾಗಿನಿಂದ ಅದೊಂದು ದರ್ಬಾರು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಸ್ಕೋಪು ಇಟ್ಟು ಅವಳು ಕೇಳಿಸಿಕೊಳ್ಳುತ್ತಿರುವಾಗಲೇ ಮಾಮ ಮೀಟರಿನ ಮುಳ್ಳಿನ ಕಡೆ ಕಣ್ಣು ಹಾಯಿಸಿ ತೀರ್ಪು ಕೊಟ್ಟುಬಿಡುತ್ತಿದ್ದರು: "ನೂರಿಪ್ಪತ್ತು, ಎಂಬತ್ತು. ಹುಡುಗರ ಬಿಪಿ. ಅಲ್ವೇನೇ?" ಅವಳ ಕಿವಿಗೆ ಬಿದ್ದದ್ದು ನೂರೈವತ್ತು ಇರಲಿ, ನೂರ ಅರವತ್ತು ಇರಲಿ, ಉತ್ತರ ಒಂದೇ: "ಹೂಂ ಮಾಮ." ಆಮೇಲೆ ಅಡುಗೆಮನೆಗೆ ಹೋಗಿ, ಮಾಮನ ತಟ್ಟೆಗೆ ಉಪ್ಪು ಕಡಿಮೆ ಹಾಕಮ್ಮ ಎಂದು ಪಿಸುಗುಟ್ಟುವುದು. ಅವಳ ವೈದ್ಯಕೀಯ ಸೇವೆ ಅಲ್ಲಿಗೆ ಮುಗಿಯುತ್ತಿತ್ತು.

ಅಂದರೆ ಅರವತ್ತಕ್ಕೆ ಸರಿ ಎಂದದ್ದು ಇವತ್ತೇನೂ ಮೊದಲಲ್ಲ. ಅಲ್ಲಿದ್ದದ್ದು ನೀರು. ಇಲ್ಲಿ ಮಾಮ.

ಭಾನುವಾರ ಮಾಮ ಬಂದರು. ತೋಳು ಚಾಚಿ, ಅಪ್ಪಣೆಗೆ ಸಹಿ ಹಾಕುವವರಂತೆ ಕೂತರು. ಅಮ್ಮ ಕಾಫಿ ತಂದಳು. ಹಿಂದಿನ ದಿನವೇ ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಬಾಗಿಲ ಹತ್ತಿರದ ಕುರ್ಚಿ ಹಿಡಿದ. "ನೀನು ಹೇಳು ಗುಬ್ಬಿ, ನಾನು ಪಕ್ಕದಲ್ಲೇ ಇರ್ತೀನಿ" ಎಂದು ಧೈರ್ಯ ಕೊಟ್ಟಿದ್ದವನು. ಎಂಥ ಇಳಿಜಾರಿನಲ್ಲೂ ಬಸ್ ಇಳಿಸುವ ಆ ಮನುಷ್ಯ ಹೆಂಡತಿಯ ಅಣ್ಣನ ಎದುರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಕೂತ.

ಗಾಳಿ ಇಳಿಯಿತು. ಗುಬ್ಬಿಯ ಕಿವಿಯಲ್ಲಿ ಬಡಿತ ಶುರುವಾದದ್ದು ನೂರ ಎಂಬತ್ತರಲ್ಲಿ.

"ನೂರಿಪ್ಪತ್ತು," ಎಂದರು ಮಾಮ. "ಅಲ್ವೇನೇ?"

ಹೂಂ ಎಂಬುದು ಹಲ್ಲಿನವರೆಗೂ ಬಂದಿತ್ತು. ಅವಳು ಬಾಯಿ ಮುಚ್ಚಿ ಅದನ್ನು ನುಂಗಿದಳು.

"ಇಲ್ಲ ಮಾಮ. ನೂರ ಎಂಬತ್ತು."

ಅಪ್ಪನ ಪೇಪರು ಅಲುಗಿತು. ಅಮ್ಮ, "ಏನೇ ಅದು, ಮಾಮಂಗೆ ಎದುರು ಮಾತು" ಎಂದಳು.

"ನಿನ್ನ ಮಿಷನ್ ಕೆಟ್ಟಿದೆ," ಎಂದರು ಮಾಮ.

"ಕೆಟ್ಟಿಲ್ಲ ಮಾಮ. ಹೋದ ವಾರ ನೂರ ಎಪ್ಪತ್ತಿತ್ತು. ಮುಂಚಿಂದಾನೂ ಜಾಸ್ತೀನೇ. ನಾನೇ ಹೇಳ್ಲಿಲ್ಲ." ಅವಳ ಧ್ವನಿ ಅಳುವಿನ ಅಂಚಿನಲ್ಲಿತ್ತು. "ನಾಳೇನೇ ಡಾಕ್ಟರಿಗೆ ತೋರ್ಸಿ. ಚರ್ಮದ ಡಾಕ್ಟರಿಗಲ್ಲ. ಮತ್ತೆ, ಅವರಿಗೆ ನಾನು ಕೆಲಸಕ್ಕೆ ಬರಲ್ಲ ಅಂತಾನೂ ಹೇಳ್ಬಿಡಿ."

ಮಾಮ ತಾವೇ ಪಟ್ಟಿ ಬಿಚ್ಚಿಕೊಂಡರು. "ಲೈಸೆನ್ಸ್ ಬಂದ ತಕ್ಷಣ ಮಾಮನ ಬಿಪಿ ಏರಿಸಿಬಿಟ್ಲು," ಎಂದು ಗೋಡೆಗೆ ಹೇಳಿ, ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೊರಟುಹೋದರು. ಅವರ ಚಪ್ಪಲಿ ಸದ್ದು ಅಡಗಿದ ಮೇಲೆ ಅಪ್ಪ ಪೇಪರು ಇಳಿಸಿ, "ನಾನೂ ಇನ್ನೇನು ಮಾತಾಡೋದ್ರಲ್ಲಿದ್ದೆ," ಎಂದ.

ಸೋಮವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಎರಡು ಪೆನ್ನಿನ ಜೇಬೊಂದು ಗುಬ್ಬಿಯ ಕಣ್ಣಿಗೆ ಬಿತ್ತು. "ನೀನು ಸೇರೋ ಜಾಗದ ಆಡಳಿತ ಹೇಗಿದೆ ನೋಡೋಣ ಅಂತ ಬಂದೆ," ಎಂದರು ಮಾಮ, ಟೋಕನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು. ಗುಬ್ಬಿ ಹೂಂ ಎಂದಳು. ಆ ಹೂಂನಿಂದ ಯಾರಿಗೂ ಅಪಾಯವಿರಲಿಲ್ಲ.

ಮೇಲೆ ವಾರ್ಡಿನಲ್ಲಿ ಹೆಡ್ ಸಿಸ್ಟರ್ ಅವಳನ್ನು ಕಂಡೊಡನೆ ಎದ್ದರು. ಕಿಟಕಿ ಪಕ್ಕದ ಮುದುಕನ ಹಾಸಿಗೆಯ ಹತ್ತಿರ ಕರೆದುಕೊಂಡು ಹೋಗಿ, ಚೀಟಿ ಕೈಗಿತ್ತು, ಸಿರಿಂಜು ಎತ್ತಿದರು. ಈ ಸಲ ಅದರಲ್ಲಿದ್ದದ್ದು ನೀರಲ್ಲ.

"ಎಂಟು ಯೂನಿಟ್. ಸರಿ ತಾನೇ?"

ಚೀಟಿಯಲ್ಲಿ ಎಂಟು. ಸಿರಿಂಜಿನ ಗೆರೆಯೂ ದೂರದಿಂದ ಎಂಟರಂತೆ ಕಂಡಿತು. ಹೆದರಿಕೆ ಹಾಗೇ ಇತ್ತು, ಒಂದಿಷ್ಟೂ ಕರಗಿರಲಿಲ್ಲ. ಗುಬ್ಬಿ ಮತ್ತೆ ಚೀಟಿ ನೋಡಿದಳು, ಮುದುಕನ ಹೆಸರು ಓದಿದಳು, "ಇನ್ನೊಂಚೂರು ಕೆಳಗೆ ಹಿಡೀರಿ ಮೇಡಂ, ಗೆರೆ ಸರಿಯಾಗಿ ಕಾಣಿಸ್ತಿಲ್ಲ" ಎಂದಳು.

ಹೆಡ್ ಸಿಸ್ಟರ್ ಸಿರಿಂಜನ್ನು ಕೆಳಗೆ ತಂದರು. ಗೆರೆ ಎಂಟರಲ್ಲೇ ಇತ್ತು.

"ಏನಮ್ಮಾ," ಎಂದ ಮುದುಕ, "ಚುಚ್ತೀರೋ, ಪರೀಕ್ಷೆ ಬರೀತಿದ್ದೀರೋ?"

"ಎರಡೂ ಅಜ್ಜ," ಎಂದಳು ಗುಬ್ಬಿ. ಆಮೇಲೆ ಮೇಡಂ ಕಡೆ ತಿರುಗಿ, "ಸರಿ," ಎಂದಳು.