ಶಹಾಬಾದ್ ಕಲ್ಲಿನ ಸ್ಪೀಕರ್ ಡಬ್ಬಾ

ಗೆಳೆಯರೇ, ಇಂದು ನಾನೇ ಮನೆಯಲ್ಲಿ ಕಟ್ಟಿದ ಸ್ಪೀಕರ್ ಡಬ್ಬಾ ಗೆದ್ದಿತು! ಅದುರದಿರಲೆಂದು ಅದರ ತಳಕ್ಕೆ ಶಹಾಬಾದ್ ಹಾಸುಗಲ್ಲು ಕೂರಿಸಿದ್ದನ್ನು ನೋಡಿ ಅಳಿಯ ಶರಣು, "ಮಾಮಾ, ಇದು ಡಬ್ಬಾ ಏನ್ರಿ, ಗೋರಿ ಏನ್ರಿ?" ಎಂದು ನಕ್ಕಿದ್ದ.

ಇಂದು ಕಾಳಗಿಯಲ್ಲಿ ಅವನ ತಂಗಿಯ ಮದುವೆ ಮೆರವಣಿಗೆ. ಹೊಸ ಪಿಕಪ್ಪಿನ ಮೇಲೆ ಕಂಪನಿ ಸ್ಪೀಕರ್ ಏರಿಸಿದ್ದ. ಬೇಸ್ ಬಂದದ್ದೇ ತಡ, ಹಾಡಿಗಿಂತ ಗಾಡಿಯ ತಗಡೇ ಜೋರಾಗಿ ಗಡಗಡಿಸಿತು.

"ಅಣ್ಣಾ, ಮೊದ್ಲು ನಿನ್ ಗಾಡಿ ಬಾಯಿ ಮುಚ್ಚಸು!" ಎಂದಳು ಮದುಮಗಳು.

ಶರಣು ನನ್ನ ಬಳಿ ಓಡಿ ಬಂದ. "ಮಾಮಾ, ಆ ಗೋರಿ ಕೊಡ್ರಿ, ಮಾನ ಉಳಸ್ರಿ!"

ಕಂಪನಿ ಸ್ಪೀಕರ್ ಇಳಿದು ಗಾಡಿಗೆ ನನ್ನ ಡಬ್ಬಾ ಏರಿತು. ಕಲ್ಲಿನ ಭಾರಕ್ಕೆ ತಗಡು ಗಪ್‌ಚುಪ್. ಜನರ ಎದೆಯಲ್ಲಿ ಮಾತ್ರ ಡೋಲು. ಬೀಗರು ಕೇಳಿದರೆ ಶರಣು, "ನಮ್ದೇ ಡಬ್ಬಾ ರೀ!" ಎನ್ನುತ್ತಿದ್ದ.

ಗೆಲುವಿಗೆ ನೆಂಟರು ಭಾಳ. ಇಳಿಸುವಾಗ ಮಾತ್ರ ಸೊಂಟ ನನ್ನೊಬ್ಬನದೇ.