ಭರಣಿಯ ಹುಳಿ

ಆನ್ಸೆಲ್ಮನ ಬಿಯರು ಮತ್ತೆ ಹುಳಿಯಾಗಿತ್ತು. ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯ ಹಳೇ ಫ್ಲ್ಯಾಟಿನಲ್ಲಿ ಅವನ ಜೊತೆ ಕೋಣೆ ಹಂಚಿಕೊಂಡಿದ್ದ ರಸೆಲ್ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಇದನ್ನು ಮೀನುಸಾರಿಗೆ ಹಾಕಬಹುದು ಮಾರಾಯ. ಕುಡಿಯಲಿಕ್ಕೆ ಆಗುವುದಿಲ್ಲ."

ಅಂಗಡಿಯಲ್ಲಿ ಸಿಗುವ ಅಮಲಿಲ್ಲದ ಮಾಲ್ಟ್ ಪಾನೀಯ, ಸಕ್ಕರೆ, ಬ್ರೆಡ್ಡಿಗೆ ಹಾಕುವ ಯೀಸ್ಟ್, ಇಷ್ಟೇ ಸಾಮಾನು. ಸಿಕ್ಕಿಬಿದ್ದರೆ ನೇರ ಊರಿಗೆ ವಿಮಾನ ಹತ್ತಿಸುತ್ತಾರೆಂದು ಪರದೆ ಎಳೆದು ಮಾಡುವ ಕೆಲಸ. ಆನ್ಸೆಲ್ಮ್ ಯೀಸ್ಟ್ ಬದಲಿಸಿ ನೋಡಿದ. ಟ್ಯಾಂಕಿಯ ನೀರು ಬಿಟ್ಟು ಬಾಟಲಿ ನೀರು ತಂದ. ಸೆಕೆಗೆ ಕೆಟ್ಟಿತೇನೋ ಎಂದು ತನ್ನ ಮಂಚ ಸರಿಸಿ ಬಿಯರಿನ ಭರಣಿಯನ್ನು ಎಸಿಯ ಬುಡದಲ್ಲಿಟ್ಟ. ಜಪ್ಪಯ್ಯ ಎಂದರೂ ಹುಳಿ ಹೋಗಲಿಲ್ಲ.

ಬದಲಿಸದೆ ಉಳಿದದ್ದು ಭರಣಿ ಒಂದೇ. 2004ರಲ್ಲಿ ಅವನ ಅಮ್ಮ ಅದರ ತುಂಬ ಮಿಡಿ ಉಪ್ಪಿನಕಾಯಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ರಜೆಗೆ ಬಂದಿದ್ದ ರಸೆಲ್‌ನ ಕೈಯಲ್ಲಿ ಕಳಿಸಿದ್ದಳು. ಉಪ್ಪಿನಕಾಯಿ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ದೇಶ ಬಿಡಲು ಕಂಪನಿಯವರು ಪರ್ಮಿಟ್ ಕೊಡಲಿಲ್ಲ, ಟೆಂಡರ್ ಮುಗಿಯಲಿ ಎಂದರು. ಟೆಂಡರ್ ಮುಗಿಯುವ ತನಕ ಹೆಣ ಕಾಯುತ್ತದೆಯೇ? ಗುಂಡಿಗೆ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಮಗನಿಗೆ ಆಗಲಿಲ್ಲ.

ಆಮೇಲೆ ಆಫೀಸಿನಿಂದ ಬಂದವನು ದಿನವೂ ಭರಣಿಯ ಮುಚ್ಚಳ ತೆಗೆದು ಒಳಗೆ ಮೂಗಿಡುತ್ತಿದ್ದ. ಸಾಸಿವೆ, ಮಾವಿನ ಸೊನೆ, ಅಮ್ಮನ ಕೈ. ಆದರೆ ಅದು ಖಾಲಿ ಕೂತಿರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಕ್ರಿಸ್ಮಸ್ಸಿನ ದ್ರಾಕ್ಷಿ ವೈನನ್ನು ಅಮ್ಮ ಭರಣಿಯಲ್ಲೇ ಹಾಕುತ್ತಿದ್ದಳಲ್ಲ ಎಂದು ಬಿಯರು ತುಂಬಿಸಿದ. ವೈನಿನ ಭರಣಿಯೇ ಬೇರೆ, ಅದಕ್ಕೆ ಅವಳು ಉಪ್ಪಿನಕಾಯಿಯ ಸೌಟನ್ನೂ ತಾಗಿಸುತ್ತಿರಲಿಲ್ಲ ಎಂಬುದು ಈ ಮಹಾರಾಯನಿಗೆ ನೆನಪಾಗಲಿಲ್ಲ. ಬಿಯರು ಚೆಲ್ಲಿ ತೊಳೆದರೂ ಅಮ್ಮನ ವಾಸನೆ ಹೋಗುತ್ತಿರಲಿಲ್ಲ. ಅವನಿಗೆ ಅಷ್ಟು ಸಾಕಿತ್ತು.

ಕೊನೆಗೆ ರಸೆಲ್ ಅದೇ ಯೀಸ್ಟ್, ಅದೇ ನೀರು ಹಾಕಿ ಹೊಸ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬೇರೆಯೇ ಮಾಡಿದ. ಅದು ಹುಳಿಯಾಗಲಿಲ್ಲ.

"ಭರಣಿಯ ಬಿರುಕಿನಲ್ಲಿ ಹಳೇ ಹುಳಿ ಕೂತಿದೆ. ಬಿಸಾಡು, ಖಲಾಸ್."

"ಅಮ್ಮನದ್ದು ಅದು."

"ಗೊತ್ತುಂಟು. ಹಾಗಾದರೆ ಬ್ಲೀಚ್ ಹಾಕಿಡು. ಇಲ್ಲದಿದ್ದರೆ ಅದನ್ನು ಹಾಗೇ ಬಿಡು."

ಹಾಗೇ ಬಿಟ್ಟರೆ ಭರಣಿ ಮತ್ತೆ ಖಾಲಿ. ಇಷ್ಟು ಸಲ ತೊಳೆದರೂ ಹೋಗದ ವಾಸನೆ ಬ್ಲೀಚಿಗೆ ಹೋದೀತೇ ಎಂದು ಆನ್ಸೆಲ್ಮ್ ತನಗೆ ತಾನೇ ಧೈರ್ಯ ಹೇಳಿಕೊಂಡ. ಶುಕ್ರವಾರ, ಅಲ್ಲಿನ ರಜೆಯ ದಿನ, ಚರ್ಚಿನ ಪೂಜೆಗೆ ಹೋಗಿ ಬರುವ ತನಕ ಬ್ಲೀಚ್ ನೀರು ತುಂಬಿಸಿಟ್ಟು, ಬಂದು ತೊಳೆದು, ಮೂಗಿಡಲು ಹೆದರಿ, ಕೂಡಲೇ ಹೊಸ ಬಿಯರು ಹಾಕಿದ.

ಅದು ಹದವಾದ ಮೇಲೆ ರಸೆಲ್ ರುಚಿ ನೋಡಿದ.

"ಹುಳಿ ಹೋಯಿತು. ಈಗ ಆಸ್ಪತ್ರೆಯ ಹಾಗೆ ಉಂಟು. ಬ್ಲೀಚ್ ಸರಿಯಾಗಿ ಹೋಗಲಿಲ್ಲ. ಇನ್ನೊಮ್ಮೆ ಬಿಸಿನೀರಲ್ಲಿ ತೊಳೆದರೆ ಸರಿಯಾಗುತ್ತದೆ."

ಆನ್ಸೆಲ್ಮ್ ಬಿಯರನ್ನೆಲ್ಲ ಸಿಂಕಿಗೆ ಸುರಿದ. ನೆಲದಲ್ಲಿ ಕೂತು, ಭರಣಿಯ ಬಾಯಿಗೆ ಮುಖ ಒತ್ತಿ ಉಸಿರೆಳೆದ. ಬ್ಲೀಚು. ತಿರುಗಿ ಎಳೆದ, ಇನ್ನೂ ಆಳಕ್ಕೆ. ಸಾಸಿವೆಯ ಸುಳಿವೂ ಇರಲಿಲ್ಲ.

"ನೀರು ಬಿಸಿಗಿಡಲಾ?" ರಸೆಲ್ ಕೇಳಿದ.

ಆನ್ಸೆಲ್ಮ್ ತಲೆ ಎತ್ತಲಿಲ್ಲ. "ಅಮ್ಮ ಹೋದಳು ರಸೆಲ್," ಎಂದ.