ಆರನೆಯ ಗೂಟ

ಇನ್ನೂರು ಪುಟದ ಆ ನೋಟ್‌ಬುಕ್ಕಿನಲ್ಲಿ ಒಟ್ಟು ಎಂಬತ್ತೇಳು ಐಡಿಯಾಗಳಿವೆ. ಐವತ್ತೊಂದು ನನ್ನವು, ಮೂವತ್ತಾರು ನನ್ನ ಗೆಳೆಯನವು. ನನ್ನವುಗಳಲ್ಲಿ ನಲವತ್ತು ಮಂಜೂರಾಗಿವೆ, ಅವನವುಗಳಲ್ಲಿ ನಾಲ್ಕು. ಮಂಜೂರು ಮಾಡುತ್ತಿದ್ದವನು ನಾನೇ.

ಅವನು ಬಿ.ಎಸ್ಸಿ. ಕೊನೆಯ ವರ್ಷದ ನಡುವೆ ಕಾಲೇಜು ಬಿಟ್ಟ. ಬಿಡುವ ಮುಂಚೆ ನಾಲ್ಕು ತಿಂಗಳು ಅದನ್ನೇ ನನಗೆ ಹೇಳುತ್ತಿದ್ದ ಎಂಬುದು ತಿಳಿದದ್ದು ಅವನು ಹೋದ ಮೇಲೆ, ಈ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿ ಹಾಕುವಾಗ. ಅವನು ಹೇಳಿದ ದಿನ, ಐಡಿಯಾ ಎರಡನ್ನೂ ನನ್ನ ಕೈಯಾರೆ ಬರೆದಿಟ್ಟಿದ್ದೆ. ಓದಿಕೊಂಡಿರಲಿಲ್ಲ, ಅಷ್ಟೇ.

ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಊರಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಓದು ಮುಗಿಯುವ ತನಕ ಅಂಗಡಿಯತ್ತ ತಲೆ ಹಾಕಬೇಡ ಎಂದೇ ಅಪ್ಪ ಕಳಿಸಿದ್ದರು. ಅವನು ದಿನಾ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನ ತಂದೆಗೆ ದುರ್ಗದಬೈಲಿನಲ್ಲಿ ಹೊಲಿಗೆ ಯಂತ್ರ ರಿಪೇರಿಯ ಸಣ್ಣ ಅಂಗಡಿ. ಮೊದಲ ವರ್ಷ ಲ್ಯಾಬಿನಲ್ಲಿ ಒಂದೇ ಟೇಬಲ್ಲಿಗೆ ಬಿದ್ದೆವು. ಇಬ್ಬರಿಗೂ ಒಂದೇ ಸಿನಿಮಾ ಹುಚ್ಚು ಎಂದು ಗೊತ್ತಾಗಲು ಒಂದು ವಾರವೂ ಹಿಡಿಯಲಿಲ್ಲ.

ಅದು ಐದು ಜನ ಹರೆಯದವರ ತಂಡದ ಕಥೆ. ಹರಿಯುವ ನೀರನ್ನು ನಿಲ್ಲಿಸುವವಳು, ಎಷ್ಟು ಎತ್ತರದಿಂದ ಬಿದ್ದರೂ ಗಾಯವಾಗದವನು, ಯಾರ ದನಿಯಲ್ಲಾದರೂ ಮಾತಾಡುವವಳು, ಮತ್ತೆ ಅವಳಿ ಅಣ್ಣತಮ್ಮಂದಿರು. ಒಬ್ಬ ಕಂಡದ್ದು ಇನ್ನೊಬ್ಬನಿಗೆ ಕಾಣುತ್ತದೆ. ಸಿನಿಮಾ ಶುರುವಾಗುವಾಗಲೇ ಅವರು ಹಳೆಯ ಗೋದಾಮೊಂದರಲ್ಲಿ ಒಟ್ಟಿಗೆ ಇದ್ದಾರೆ. ಹೇಗೆ ಒಟ್ಟಾದರು ಎಂದು ಯಾರೂ ಹೇಳುವುದಿಲ್ಲ. ಅದಕ್ಕೂ ಹಿಂದಿನ ಕಥೆಯನ್ನು ಇನ್ನೊಂದು ಸಿನಿಮಾ ಮಾಡುತ್ತಾರಂತೆ ಎಂಬ ಸುದ್ದಿ ಎರಡನೆಯ ವರ್ಷದ ಕೊನೆಗೆ ಮೊಬೈಲಿನಲ್ಲಿ ಬಂತು. ಅವರು ಮಾಡುವಷ್ಟರಲ್ಲಿ ನಾವೇ ಆ ಕಥೆ ಕಟ್ಟಿ ಮುಗಿಸೋಣ ಎಂದು ಮಾತಾಯಿತು. ಯಾರೂ ನಮ್ಮನ್ನು ಕೇಳಿರಲಿಲ್ಲ.

ಸಂಜೆ ನಾಲ್ಕಕ್ಕೆ ಕ್ಲಾಸು ಮುಗಿದರೆ ಬಸ್ ಸ್ಟಾಪಿನ ತನಕ ನಡೆಯುತ್ತಿದ್ದೆವು. ಇಪ್ಪತ್ತೆರಡು ನಿಮಿಷದ ದಾರಿ. ಗಿರ್ಮಿಟ್ ತಿನ್ನಲು ನಿಂತರೆ ನಲವತ್ತು. ಅಷ್ಟರಲ್ಲಿ ಹುಟ್ಟಿದ ಐಡಿಯಾಗಳನ್ನು ಕೋಣೆಗೆ ಹೋಗಿ ಬರೆಯುತ್ತಿದ್ದೆ. ಆರು ಕಾಲಮ್ಮು: ಕ್ರಮಸಂಖ್ಯೆ, ದಿನ, ಯಾರದು, ಐಡಿಯಾ, ಮಂಜೂರೋ ನಾಮಂಜೂರೋ, ಕಾರಣ. ಮೊದಲ ಪುಟದಲ್ಲಿ ಒಂದೇ ನಿಯಮ ಬರೆದಿದ್ದೆ: ಮೂಲ ಸಿನಿಮಾದಲ್ಲಿ ಇರುವುದಕ್ಕೆ ಹೊಂದದ ಯಾವುದನ್ನೂ ಸೇರಿಸಕೂಡದು. ಆ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು.

ಮರುದಿನ ಅವನು ಗ್ರಾಮಲೆಕ್ಕಿಗನ ಕಚೇರಿಗೆ ಬಂದ ರೈತನಂತೆ ಕ್ಲಾಸಿನ ಬಾಗಿಲಲ್ಲೇ ಕೈ ಕಟ್ಟಿ ನಿಂತು ಕೇಳುತ್ತಿದ್ದ. "ಏನ್ರಿ ತಲಾಠಿ ಸಾಹೇಬ್ರ, ನಮ್ಮ ಅರ್ಜಿ ಏನಾತ್ರಿ?"

"ನಾಮಂಜೂರ."

"ಕಾರಣ ತಿಳಸ್ತೀರೇನ್ರಿ, ಇಲ್ಲಾ ನಾಳಿ ಬಾ ಅಂತೀರಿ?"

ಅವನ ಐಡಿಯಾಗಳು ವಿಚಿತ್ರವಾಗಿರುತ್ತಿದ್ದವು. ನಾನು ಕಾಳಗ, ಶತ್ರು, ಸ್ಫೋಟ ಎಂದು ಯೋಚಿಸಿದರೆ, ಅವಳಿಗಳು ನಕಲು ಮಾಡುತ್ತಾರೆ ಎಂದು ಮಾಸ್ತರು ಬೇರೆ ಬೇರೆ ಬೆಂಚಿನಲ್ಲಿ ಕೂರಿಸಿದ್ದನ್ನು ಅವನು ಹೇಳುತ್ತಿದ್ದ. ಅದು ಮಂಜೂರಾದ ನಾಲ್ಕರಲ್ಲಿ ಒಂದು.

ಆರನೆಯವನು ಬಂದದ್ದು ಆಗಸ್ಟಿನ ಒಂದು ಗುರುವಾರ. ಕ್ರಮಸಂಖ್ಯೆ ಅರವತ್ತೊಂದು. ಮಳೆ ಬಿಟ್ಟಿತ್ತು, ಇಳಿಜಾರಿನಲ್ಲಿ ಇಬ್ಬರೂ ನಡೆಯುತ್ತಿದ್ದೆವು.

"ಬರಕೋ. ಮೊದಲ ಆರು ಮಂದಿ ಇದ್ರು," ಅಂದ.

"ಪಿಚ್ಚರ್‌ನ್ಯಾಗ ಐದ ಮಂದಿ ಅದಾರ."

"ಅದಕ್ಕ ಹೇಳಾಕತ್ತೇನಿ. ಪಿಚ್ಚರ್ ಚಾಲೂ ಆಗೂದ್ರಾಗ ಆರನೇದಾಂವ ಬಿಟ್ಟು ಹೋಗಿರ್ತಾನ."

"ಸತ್ತನೇನು?"

"ಸಾಯೂದ್ಯಾಕಲೇ? ಮನಿಗೆ ಹೋದ. ಮನ್ಯಾಗ ಕೆಲಸ ಇತ್ತು, ಹೋದ."

ನಾನು ನಕ್ಕೆ. "ಜಗತ್ತು ಉಳಸೂದು ಬಿಟ್ಟು ಮನಿ ಕೆಲಸಕ್ಕ ಹೋದನಾ?"

"ಹೋಗ್ತಾರಪಾ ಮಂದಿ."

"ಹಂಗಿದ್ರ ಐದು ಮಂದ್ಯಾಗ ಒಬ್ಬರಾದ್ರೂ ಅವನ ಸುದ್ದಿ ತಗೀಬೇಕಿತ್ತಲ್ಲ. ಯಾರೂ ತಗಿಯೂದಿಲ್ಲ. ಅಂದ್ರ ಅಂವ ಇರಲಿಲ್ಲ."

ಅವನು ನೀರು ನಿಂತ ಗುಂಡಿಯೊಂದನ್ನು ದಾಟಿದ. ಆಮೇಲೆ ಕೇಳಿದ, "ಸುದ್ದಿ ತಗೀಲಿಲ್ಲ ಅಂದ್ರ ಇರಲಿಲ್ಲ ಅಂತನಾ?"

ನೋಟ್‌ಬುಕ್ಕಿನಲ್ಲಿ ಹೀಗಿದೆ: ನಾಮಂಜೂರು. ಕಾರಣ, ಮೂಲದಲ್ಲಿ ಉಲ್ಲೇಖವಿಲ್ಲ.

ಅವನು ಬಿಡಲಿಲ್ಲ. ಮುಂದಿನ ವಾರಗಳಲ್ಲಿ ಆರನೆಯವನ ಬಗ್ಗೆಯೇ ಇನ್ನೂ ಹತ್ತು ಐಡಿಯಾ ಹೇಳಿದ. ಸೆಪ್ಟೆಂಬರಿನಲ್ಲಿ ಒಂದು ದಿನ, ಅವನಿಗೆ ಇರುವ ಶಕ್ತಿಯಾದರೂ ಏನು ಎಂದು ನಾನು ಕೇಳಿದೆ.

"ಕಿವಿ," ಅಂದ. "ಎಂಥಾ ಮಷಿನ್ ಆದ್ರೂ ಕಿವಿಗೊಟ್ಟು ಕೇಳಿ, ಎಲ್ಲಿ ಕೆಟ್ಟೈತಿ ಅಂತ ಹೇಳ್ತಾನ."

"ಅದು ಶಕ್ತಿ ಅಲ್ಲಪಾ, ಕಸಬು."

ಅವನು ನಕ್ಕ. ನಕ್ಕ ಎಂದೇ ಅಂದು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಅದೇ ದಿನದ ಪುಟದಲ್ಲಿ ಮೇಲೆ ಇನ್ನೊಂದು ಸಾಲಿದೆ: 'ಅವನ ತಂದೆಯ ಕೈ ನಡುಗುತ್ತಿದೆಯಂತೆ.' ಕೆಳಗೆ ಆ ವಾರದ ಐಡಿಯಾಗಳ ಮೊತ್ತ. ಎರಡು ಸಾಲಿನ ನಡುವೆ ಒಂದು ಬೆರಳಿನಷ್ಟೂ ಜಾಗವಿಲ್ಲ.

ಕೊನೆಯದು ನವೆಂಬರಿನ ಕೊನೆಯ ವಾರ, ಬಸ್ ಸ್ಟಾಪಿನಲ್ಲಿ. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಅವನು ಬ್ಯಾಗನ್ನು ಎರಡೂ ಕಾಲುಗಳ ನಡುವೆ ಇಟ್ಟುಕೊಂಡು ನಿಂತಿದ್ದ.

"ಅಂವ ಹೋಗೂ ಮುಂದ ಐದು ಮಂದ್ಯಾಗ ಒಬ್ಬರನ್ನ ಕೇಳ್ತಾನ," ಅಂದ. "ಹೋಗ್ಲೋ, ಬ್ಯಾಡೋ ಅಂತ."

"ಅವರೇನಂತಾರ?"

"ಅದನ್ನ ನೀ ಹೇಳು."

ನಾನು ಆಗ ನೋಟ್‌ಬುಕ್ ತೆಗೆದು ಆ ತಿಂಗಳ ಲೆಕ್ಕ ನೋಡುತ್ತಿದ್ದೆ. ತಲೆ ಎತ್ತದೆ ಅಂದೆ, "ನಾಮಂಜೂರಾದ ಪಾತ್ರಕ್ಕ ಡೈಲಾಗ್ ಎಲ್ಲಿಂದ ತರೂದು? ಬ್ಯಾರೇದು ಹೇಳು."

ಬಸ್ಸು ಬಂತು. ಬೇರೆಯದನ್ನು ಅವನು ಹೇಳಲಿಲ್ಲ. ಅವನ ಮೂವತ್ತಾರನೆಯ ಐಡಿಯಾ ಅದೇ. ಅದರ ಕೆಳಗೆ ಐದು ಇವೆ, ಐದೂ ನನ್ನವು.

ಪರೀಕ್ಷೆಯಲ್ಲಿ ಅವನು ಐದು ಪೇಪರಿನಲ್ಲಿ ಎರಡಕ್ಕೆ ಬಂದ. ಮೂರನೆಯ ದಿನ ಅವನ ಬೆಂಚು ಖಾಲಿ ಇತ್ತು. ಫೋನ್ ಮಾಡಿದರೆ, "ಅಂಗಡ್ಯಾಗ ಅದೇನಿ, ಆಮ್ಯಾಲೆ ಮಾಡ್ತೇನಿ" ಎಂದ. ಮಾಡಲಿಲ್ಲ. ರಜೆ ಮುಗಿದು ಹೊಸ ಸೆಮಿಸ್ಟರ್ ಶುರುವಾದಾಗ ಹಾಜರಿಯಲ್ಲಿ ಅವನ ಹೆಸರು ಕೂಗಲಿಲ್ಲ. ನನ್ನ ಹೆಸರಿಗಿಂತ ಎರಡು ಹೆಸರು ಮುಂಚೆ ಬರುತ್ತಿತ್ತು ಅದು. ಆ ಸಂಜೆ ಒಬ್ಬನೇ ನಡೆದೆ. ಹದಿನೇಳು ನಿಮಿಷಕ್ಕೆ ಸ್ಟಾಪು ಬಂತು. ಅಲ್ಲಿಗೆ ನಾನು ಯಾಕೆ ಹೋದೆನೋ. ನನ್ನ ಕೋಣೆ ಇದ್ದದ್ದು ಹಿಂದಕ್ಕೆ.

ತಿರುಗಿ ಬಂದು ನೋಟ್‌ಬುಕ್ ತೆಗೆದೆ. ಅವನ ಸಾಲುಗಳನ್ನು ಮಾತ್ರ ಒಂದರ ಹಿಂದೆ ಒಂದು ಓದಿದೆ. ಮನೆಯಲ್ಲಿ ಕೆಲಸ ಇರುವವನು. ಯಂತ್ರಕ್ಕೆ ಕಿವಿಗೊಡುವವನು. ತಂಡ ಬಿಡಲು ಮನಸ್ಸಿಲ್ಲದವನು. ಹೋಗಲೋ ಬೇಡವೋ ಎಂದು ಕೇಳುವವನು. ಹನ್ನೊಂದು ಸಾಲು, ಹನ್ನೊಂದರ ಮುಂದೆಯೂ ನನ್ನ ಅಕ್ಷರದಲ್ಲಿ ನಾಮಂಜೂರು.

ಆಮೇಲೆ ಸಿನಿಮಾವನ್ನು ಮತ್ತೆ ಹಾಕಿದೆ. ನಾನು ನೋಡುತ್ತಿದ್ದದ್ದು ಅದು ಹದಿನಾಲ್ಕನೆಯ ಸಲ. ಮೊದಲ ದೃಶ್ಯದಲ್ಲಿ, ಗೋದಾಮಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಬ್ಯಾಗು ನೇತುಹಾಕುವ ಮರದ ಗೂಟಗಳಿವೆ. ನಿಲ್ಲಿಸಿ ಎಣಿಸಿದೆ. ಐದು ಬ್ಯಾಗು, ಆರು ಗೂಟ.

ಶನಿವಾರ ಹುಬ್ಬಳ್ಳಿಗೆ ಹೋದೆ. ದುರ್ಗದಬೈಲಿನ ಪಾತ್ರೆ ಅಂಗಡಿಗಳ ಸಾಲು ದಾಟಿ ಒಳಗೆ ತಿರುಗಿದರೆ ಅವರ ಅಂಗಡಿ. ಮೂರು ವರ್ಷದ ಗೆಳೆತನದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು. ಅವನ ತಂದೆ ಸ್ಟೂಲಿನ ಮೇಲೆ ಕೂತಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಹಿಡಿದರೂ ಅದು ನಡುಗುತ್ತಿತ್ತು.

"ಬಾ ಬೇಟಾ, ಕೂಡು," ಎಂದರು. "ನಿನ್ನ ದೋಸ್ತ ಈಗ ಉಸ್ತಾದ ಆಗ್ಯಾನ, ನನ್ನ ಮಾತ ಕೇಳಂಗಿಲ್ಲ."

"ಕೇಳೂ ಹಂಗ ಹೇಳ್ರಿ ನೀವು, ಅಬ್ಬಾ," ಎಂದು ಅವನು ಒಳಗಿನಿಂದಲೇ ಅಂದ. ಕೈಗೆಲ್ಲ ಎಣ್ಣೆಯಾಗಿತ್ತು. ನನ್ನನ್ನು ನೋಡಿ ಹುಬ್ಬು ಹಾರಿಸಿದ. "ತಲಾಠಿ ಸಾಹೇಬ್ರು ತಪಾಸಣಿಗೆ ದೌರಾ ಹೊಂಟಾರ?"

ನಾನು ಮೊಬೈಲ್ ತೆಗೆದು ನಿಲ್ಲಿಸಿಟ್ಟಿದ್ದ ಚಿತ್ರ ತೋರಿಸಿದೆ. "ಆರು ಗೂಟ ಅದಾವ."

"ಗೊತ್ತೈತಿ."

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲೋ. ಮೊದಲನೇ ದಿನಾನ ಹೇಳಿದೆ, ಗೂಟ ಎಣಿಸಿ ನೋಡು ಅಂತ. ಬರಕೊಂಡಿಲ್ಲೇನು?"

ನೋಟ್‌ಬುಕ್ ಬ್ಯಾಗಿನಲ್ಲೇ ಇತ್ತು. ಅರವತ್ತೊಂದನೆಯ ಸಾಲು ತೆಗೆದೆ. ಅವನು ಬಟ್ಟೆಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದ. ಗೂಟದ ಮಾತು ಅಲ್ಲಿರಲಿಲ್ಲ. ನನಗೆ ಅದರ ನೆನಪೂ ಇಲ್ಲ. ನಾನು ಬೇಡವೆಂದದ್ದಕ್ಕೆ ಕಾರಣ ಬರೆಯಲು ಕಾಲಮ್ ಇತ್ತು. ಅವನು ಹೇಳಿದ್ದಕ್ಕೆ ಕಾರಣ ಬರೆಯಲು ಇರಲಿಲ್ಲ.

"ಏನದು?" ಎಂದು ತಂದೆ ಕೇಳಿದರು.

"ಏನಿಲ್ಲ ಅಬ್ಬಾ, ಸರಕಾರಿ ದಫ್ತರ."

ಅಷ್ಟರಲ್ಲಿ ಒಬ್ಬ ಹೆಂಗಸು ರಿಕ್ಷಾದಲ್ಲಿ ಯಂತ್ರ ತಂದರು. ದಾರ ಹರಿಯುತ್ತದೆ ಎಂದರು. ಅವನು ಅದನ್ನು ಬೆಂಚಿನ ಮೇಲೆ ಇಟ್ಟು, ಕಿವಿಯನ್ನು ಅದರ ತೋಳಿಗೆ ಆನಿಸಿ, ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಸ್ಟೂಲಿನ ಮೇಲೆ ತಂದೆಯೂ ಕಣ್ಣು ಮುಚ್ಚಿದ್ದರು.

"ಶಟಲ್ ಸವದೈತ್ರಿ, ಅಕ್ಕಾರ," ಅಂದ ಅವನು. ತಂದೆ ತಲೆಯಾಡಿಸಿದರು.

ಹೆಂಗಸು ಹೋದ ಮೇಲೆ ಕೇಳಿದೆ, "ಅವತ್ತ ಸ್ಟಾಪಿನ್ಯಾಗ ನಾ ಹೋಗಬ್ಯಾಡ ಅಂದಿದ್ರ?"

ಅವನು ತಿರುಪು ಬಿಚ್ಚುತ್ತಿದ್ದ. "ಹೋಗೂದು ಹೋಗ್ತಿದ್ದೆ. ಅಬ್ಬಾನ ಕೈ ನೋಡಿದಿಯಲ್ಲ." ಮೂರು ತಿರುಪು ತಟ್ಟೆಗೆ ಹಾಕಿದ. "ಪರೀಕ್ಷಾ ಮುಗಿಸಿ ಹೋಗು ಅಂತಿದ್ದೇನೋ ನೀ. ಹಂಗಂದಿದ್ರ ಆ ಮೂರು ಪೇಪರ್ ಬರದ ಬಿಡ್ತಿದ್ದೆ. ಇನ್ನೊಂದು ವಾರ ಅಂಗಡಿ ಹೆಂಗರ ನಡೀತಿತ್ತು."

ನಾನು ಪೆನ್ನು ತೆಗೆದು ಅರವತ್ತೊಂದನೆಯ ಸಾಲಿನಲ್ಲಿ ತಿದ್ದಲು ಹೋದೆ. ಅವನು ಎಣ್ಣೆಯ ಬೆರಳನ್ನು ಪುಟದ ಮೇಲೆ ಇಟ್ಟ. "ಬ್ಯಾಡ. ದಫ್ತರ ಹಿಂಗ ಆಮ್ಯಾಲೆ ತಿದ್ದಬಾರದ್ರಿ, ಸಾಹೇಬ್ರ." ನಗುತ್ತಲೇ ಅಂದ. ಆ ಕಲೆ ಈಗಲೂ ಇದೆ, ಹಿಂದಿನ ಪುಟಕ್ಕೂ ಇಳಿದಿದೆ.

ಉಳಿದ ಪೇಪರುಗಳನ್ನು ಮತ್ತೆ ಬರೆಯಬಹುದು. ಕಾಲೇಜಿನಲ್ಲಿ ವಿಚಾರಿಸಿ ಫಾರ್ಮ್ ತಂದಿದ್ದೇನೆ. ಎರಡು ಶನಿವಾರ ಅಂಗಡಿಗೆ ಒಯ್ದೆ. ಎರಡೂ ಸಲ ಗಿರಾಕಿಗಳಿದ್ದರು. "ಇಡು, ನೋಡ್ತೇನಿ," ಎಂದ. ಬೆಂಚಿನ ಮೇಲೆಲ್ಲ ಎಣ್ಣೆ, ಚಕ್ರ, ಬಿಚ್ಚಿದ ತಿರುಪು. ಕಾಗದ ಇಡಲು ಒಣಗಿದ ಜಾಗ ಸಿಗದೆ ಎರಡೂ ಸಲ ಅದನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದೆ.